ಲೈನ್ ಮನೆ ಯಾರದು? ಪ್ರೂದೋನ್, ಮಾರ್ಕ್ಸ್ ಮತ್ತು ಕೊಡಗಿನ ಕೂಲಿ

ಸಿದ್ದಾಪುರದ ಗೆಳೆಯರೆ, ಕಾಫಿ ಕೊಯ್ಲಿನ ಸಮಯ. ತೂಕ ಮುಗಿಸಿ ನೇರ ಇಲ್ಲಿಗೆ ಬಂದವರೂ ಸಭೆಯಲ್ಲಿದ್ದೀರಿ. ಪೀಠಿಕೆ ಬಿಟ್ಟು ವಿಷಯಕ್ಕೇ ಬರುತ್ತೇನೆ: ತೋಟದವರು ಕೂಲಿಯವರಿಗೆಂದು ಕಟ್ಟಿಸಿದ ಸಾಲು ಮನೆ, ಅಂದರೆ ಲೈನ್ ಮನೆ, ಯಾರದು?

‘ಆಸ್ತಿಯೆಂದರೆ ಕಳವು’ ಎಂದು ಫ್ರಾನ್ಸಿನ ಅರಾಜಕತಾವಾದಿ, ಅಂದರೆ ಮೇಲಿನಿಂದ ಆಳುವ ಪ್ರಭುತ್ವವೇ ಬೇಡವೆನ್ನುವ ಪ್ರೂದೋನ್ 1840ರಲ್ಲಿ ಬರೆದ. ಇದನ್ನು ಕೇಳಿ ಅರ್ಧ ಎಕರೆ ಗದ್ದೆಯವರೂ ಬೆದರುತ್ತಾರೆ. ಬೆದರಬೇಕಾಗಿಲ್ಲ. ತಾನೇ ಉಳುವ ಗದ್ದೆ, ತಾನೇ ಇರುವ ಮನೆಯ ಬಗ್ಗೆ ಅವನಿಗೆ ತಕರಾರಿಲ್ಲ. ಬೇರೆಯವರು ದುಡಿಯುವ ನೆಲದ ಮೇಲೆ ಕೂತು ಗೇಣಿ, ಬಾಡಿಗೆ ಎತ್ತುವ ಹಕ್ಕಿದೆಯಲ್ಲ, ಅದನ್ನು ಕಳವು ಎಂದ. ಜಮ್ಮಾ ಜಮೀನಿನ ಹಳೆಯ ಪದ್ಧತಿ ಬಲ್ಲವರಿಗೆ ಈ ಭೇದ ಹೊಸದಲ್ಲ. ರಾಜರ ಸೇವೆಗಾಗಿ ಒಕ್ಕಕ್ಕೆ, ಅಂದರೆ ಕೊಡವರ ಕೂಡುಕುಟುಂಬಕ್ಕೆ, ಸಿಕ್ಕ ಭೂಮಿಯನ್ನು ತಲೆಮಾರುಗಳ ಕಾಲ ಅನುಭವಿಸಬಹುದಿತ್ತು, ಮನಬಂದಂತೆ ಮಾರುವ ಹಾಗಿರಲಿಲ್ಲ. ಗದ್ದೆಗೆ ಸೇರಿದ ಬಾಣೆ ಎಂಬ ಮರಗಾಡಿನ ಜಾಗ ಸೊಪ್ಪು, ಸೌದೆ, ಮೇವಿಗಿತ್ತು. ಆದರೆ ಆ ಗದ್ದೆಯ ಕೆಸರಿನಲ್ಲಿ ಬೆನ್ನು ಬಗ್ಗಿಸಿದ ಎರವ ಆದಿವಾಸಿಗಳಿಗೆ ಅದರಲ್ಲಿ ಪಾಲಿರಲಿಲ್ಲ. ದುಡಿದವರ ಪಾಲಿನ ಲೆಕ್ಕ ಕೇಳಲು ಪ್ರೂದೋನ್ ಸಾಲುವುದಿಲ್ಲ, ಮಾರ್ಕ್ಸ್ ಬೇಕು.

ಮಾರ್ಕ್ಸ್ 1867ರ ‘ಬಂಡವಾಳ’ದಲ್ಲಿ ತುಂಡುಗೂಲಿಗೇ, ಅಂದರೆ ಮಾಡಿದ ಕೆಲಸದ ಅಳತೆಗೆ ತಕ್ಕಂತೆ ಕೊಡುವ ಕೂಲಿಗೇ, ಒಂದು ಅಧ್ಯಾಯ ಕೊಟ್ಟಿದ್ದಾನೆ. ನಮ್ಮ ಕಾಫಿ ಕೊಯ್ಲಿನ ಕೂಲಿಯೂ ಅದೇ. ಸಂಜೆ ಚೀಲ ತಕ್ಕಡಿಗೇರುತ್ತದೆ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಕೆ.ಜಿ. ಬರೆದುಕೊಳ್ಳುತ್ತಾರೆ. ತೂಕದಲ್ಲಿ ಒಂದು ಗ್ರಾಂ ಮೋಸವಿಲ್ಲ ಎಂದೇ ಇಟ್ಟುಕೊಳ್ಳಿ. ಆದರೂ ಕೊಯ್ದವಳ ದುಡಿಮೆಯಿಂದ ಹುಟ್ಟಿದ್ದರಲ್ಲಿ ಅವಳ ಕೂಲಿ ಒಂದು ಪಾಲು ಮಾತ್ರ. ಮಿಕ್ಕಿದ್ದು ತೋಟದವರ ಲಾಭ. ಕೆ.ಜಿ. ಲೆಕ್ಕದ ಕೂಲಿಯಲ್ಲಿ ಮೇಸ್ತ್ರಿ ಕೂಗಾಡಬೇಕಾಗಿಯೇ ಇಲ್ಲ, ಕೊಯ್ಯುವವಳೇ ಊಟದ ಹೊತ್ತನ್ನೂ ಮೊಟಕು ಮಾಡಿಕೊಂಡು ತನ್ನನ್ನು ತಾನು ಓಡಿಸಿಕೊಳ್ಳುತ್ತಾಳೆ. ದುಡಿಮೆಯನ್ನು ಇಷ್ಟು ಹತ್ತಿರದಿಂದ ಕಂಡ ಬರಹ ಅರಾಜಕತಾವಾದಿಗಳಲ್ಲಿ ನನಗೆ ಸಿಕ್ಕಿಲ್ಲ.

ಆದರೆ ಮನೆ? 1872ರಲ್ಲಿ ಮಾರ್ಕ್ಸ್‌ನ ಒಡನಾಡಿ ಎಂಗೆಲ್ಸ್ ಇದೇ ವಿಷಯಕ್ಕೆ ಪ್ರೂದೋನ್ ಶಿಷ್ಯರ ಜೊತೆ ಜಗಳಕ್ಕಿಳಿದ. ಬಾಡಿಗೆ ಕಟ್ಟುತ್ತಾ ಹೋದ ಹಾಗೆ ಮನೆ ಕಾರ್ಮಿಕನದೇ ಆಗಲಿ ಎಂದರು ಅವರು. ಸ್ವಂತ ಮನೆ ಕಾರ್ಮಿಕನನ್ನು ಒಂದೇ ಊರಿಗೆ ಕಟ್ಟಿಹಾಕುತ್ತದೆ, ಕೂಲಿಯನ್ನೂ ಇಳಿಸುತ್ತದೆ ಎಂದ ಎಂಗೆಲ್ಸ್. ನಗರದ ಕಾರ್ಖಾನೆಗೆ ಆ ಮಾತು ಒಪ್ಪಬಹುದು, ನಮ್ಮ ಲೈನ್ ಮನೆಗೆ ಒಪ್ಪುವುದಿಲ್ಲ. ಇಲ್ಲಿ ಕಟ್ಟಿಹಾಕಿರುವುದು ಸ್ವಂತ ಮನೆಯಲ್ಲ, ಸ್ವಂತ ಮನೆ ಇಲ್ಲದಿರುವುದು. ಕೆಲಸ ಬಿಟ್ಟ ದಿನ ಸೂರೂ ಹೋಗುತ್ತದೆ. ಪಡಿತರ ಚೀಟಿಗೆ, ಮತದಾರರ ಪಟ್ಟಿಗೆ ವಿಳಾಸವೂ ತೋಟದವರದ್ದೇ ಆದಾಗ ಯಾವ ಧೈರ್ಯದ ಮೇಲೆ ಹೆಚ್ಚು ಕೂಲಿ ಕೇಳುವುದು? ಮಾಲೀಕರು ಕಟ್ಟಿಸಿದ ಮನೆಗಳಿಂದ ಮುಷ್ಕರ ಹೂಡಿದವರನ್ನು ಹೊರಹಾಕುವುದನ್ನು ಎಂಗೆಲ್ಸ್ ಕೂಡ ಕಂಡಿದ್ದ. ಪ್ರೂದೋನ್ ಶಿಷ್ಯರ ಮೇಲಿನ ಸಿಟ್ಟಿನಲ್ಲಿ ಅದಕ್ಕೆ ಸಲ್ಲಬೇಕಾದಷ್ಟು ತೂಕ ಕೊಡಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಅದೇ 1872ರಲ್ಲಿ ಹೇಗ್ ನಗರದ ಸಮಾವೇಶ ರಷ್ಯಾದ ಅರಾಜಕತಾವಾದಿ ಬಕುನಿನ್‌ನನ್ನು ಮೊದಲ ಇಂಟರ್‌ನ್ಯಾಷನಲ್‌ನಿಂದ, ಅಂದರೆ ಹಲವು ದೇಶಗಳ ಕಾರ್ಮಿಕರ ಒಕ್ಕೂಟದಿಂದ, ಹೊರಹಾಕಿತು. ಜಗಳದ ತಿರುಳು ಪ್ರಭುತ್ವ. ದುಡಿಯುವವರು ಅದನ್ನು ಕೈಗೆ ತೆಗೆದುಕೊಳ್ಳಬೇಕು, ವರ್ಗಗಳು ಅಳಿದಂತೆ ಅದೂ ಅಳಿಯುತ್ತದೆ ಎಂಬುದು ಮಾರ್ಕ್ಸ್ ಪಕ್ಷದ ವಾದ. ಕುರ್ಚಿ ಹಿಡಿದ ಕಾರ್ಮಿಕ ಆಮೇಲೆ ಕಾರ್ಮಿಕನಾಗಿ ಉಳಿಯುವುದಿಲ್ಲ, ಮೇಲಿನಿಂದ ಆಳತೊಡಗುತ್ತಾನೆ ಎಂದ ಬಕುನಿನ್. ಸೋವಿಯತ್ ಚರಿತ್ರೆ ಬಕುನಿನ್‌ನ ಭಯವನ್ನು ನಿಜ ಮಾಡಿತು.

ದಿಡ್ಡಳ್ಳಿ ಇಲ್ಲಿಂದ ದೂರವಿಲ್ಲ. 2016ರ ಡಿಸೆಂಬರ್‌ನಲ್ಲಿ ಅಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದು ಸರ್ಕಾರ, ಹೋರಾಟದ ನಂತರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನಿವೇಶನ ಕೊಟ್ಟಿದ್ದೂ ಸರ್ಕಾರ. ಕೆಡವಿದ ಕೈಯಿಂದಲೇ ಹಕ್ಕುಪತ್ರ ಬರಬೇಕಾದ ಸ್ಥಿತಿಯಲ್ಲಿ ಸರ್ಕಾರವೇ ಬೇಡ ಎಂದು ದೂರ ನಿಲ್ಲಲಾಗದು. ಹಾಗೆಂದು ಅದನ್ನು ನಂಬಿ ಕೂರಲೂ ಆಗದು. ನಿವೇಶನ ಸಿಕ್ಕಿದ್ದು ಜನ ಜಾಗ ಬಿಟ್ಟು ಕದಲದ್ದರಿಂದ.

2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಗುವ ಭೂಮಿ ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಪ್ರೂದೋನ್ ಕೇಳಿದ್ದಕ್ಕೆ ಇದು ಬಹಳ ಹತ್ತಿರ. ಕಾಡಂಚಿನವರಿಗೆ ಒಪ್ಪಿದ ಈ ಹಕ್ಕನ್ನು ಮೂರು ತಲೆಮಾರು ಲೈನ್ ಮನೆಯಲ್ಲೇ ಕಳೆದವರಿಗೂ ಕೊಡಬೇಕು, ತೋಟದ ಹೊರಗೆ, ಕೆಲಸಕ್ಕೆ ಗಂಟು ಹಾಕದೆ. ಮನೆಯ ಭಯ ಹೋದ ಮೇಲೆ ಕೂಲಿಯ ಮಾತನ್ನು ಸಂಘ ಕಟ್ಟಿಕೊಂಡು ತೋಟದವರ ಮುಂದೆ ಕೂತೇ ಆಡಬಹುದು.