ಮೊದಲು ಕಲ್ಲು, ಆಮೇಲೆ ಹೆಸರು

ಕೇಳುಗರಿಗೆ ನಮಸ್ಕಾರ.

ಶಿಲೆಗಳ ಪಾಠವೆಂದರೆ ಹಲಗೆಯ ಮೇಲೊಂದು ವೃತ್ತ, ಮೂರು ಬಾಣ, ಮೂರು ಹೆಸರು: ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ. ಮಕ್ಕಳು ಚೆನ್ನಾಗಿಯೇ ಬಾಯಿಪಾಠ ಮಾಡುತ್ತಾರೆ. ಅಂಗಳದ ಕಲ್ಲನ್ನು ತೋರಿಸಿ ಇದು ಯಾವುದು ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಏಳೆಂಟು ವರ್ಷದವರಿಗೆ ಹೆಸರಿನ ಅವಸರವಿಲ್ಲ. ಕಲ್ಲು ಮೊದಲು ಕೈಗೆ ಬರಲಿ.

ಹೊಸದಾಗಿ ಒಡೆದ ಗ್ರಾನೈಟ್ ಚೂರೊಂದನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಲು ಹೇಳಿ. ಮಾಸಲು ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್, ಗಾಜಿನ ಚೂರಿನಂತಹ ಬೆಣಚು, ನಡುನಡುವೆ ಮಿನುಗುವ ಕಪ್ಪು ಕಾಗೆಬಂಗಾರ ಕಾಣುತ್ತವೆ. ನೆಲದಾಳದಲ್ಲಿ ಶಿಲಾಪಾಕ ನಿಧಾನವಾಗಿ ತಣ್ಣಗಾದುದರಿಂದ ಹರಳುಗಳು ಇಷ್ಟು ದಪ್ಪ ಬೆಳೆದವು. ರಾಮನಗರದ ಬೆಟ್ಟಗಳು ಹೀಗೆ ಹುಟ್ಟಿ ಸುಮಾರು 250 ಕೋಟಿ ವರ್ಷಗಳಾದವು. ಅದರ ಪಕ್ಕದಲ್ಲಿ ವಿಜಯಪುರದ ಕಡೆಯ ಕರಿಕಲ್ಲನ್ನು, ಅಂದರೆ ಬಸಾಲ್ಟನ್ನು ಇಡಿ. ಇದೂ ಅಗ್ನಿಶಿಲೆಯೇ. ಆದರೆ ಲಾವಾ ನೆಲದ ಮೇಲೆ ಹರಿದು ಬೇಗ ಆರಿದ್ದರಿಂದ ಹರಳುಗಳು ಕಣ್ಣಿಗೆ ಕಾಣುವುದೇ ಇಲ್ಲ.

ಇನ್ನು ಶಹಾಬಾದ್ ಕಲ್ಲು. ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಈ ಸುಣ್ಣಕಲ್ಲು ಒಂದು ಕಾಲದ ಸಮುದ್ರದ ತಳ, ಅಂದರೆ ಜಲಜಶಿಲೆ. ಒಂದು ತುಣುಕನ್ನು ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ಸಣ್ಣ ಗುಳ್ಳೆಗಳೇಳುತ್ತವೆ. ಇದೇ ರಸವನ್ನು ಗ್ರಾನೈಟ್ ಮೇಲೆ ಹಾಕಿದರೆ ಏನೂ ಆಗುವುದಿಲ್ಲ. ಬಳಪದ ಕಲ್ಲಂತೂ ಉಗುರಿಗೇ ಗೀರು ಬೀಳುವಷ್ಟು ಮೆದು. ಬೇಲೂರಿನ ಶಿಲ್ಪಿಗಳು ಅಂಥ ಕುಸುರಿ ಕೆತ್ತಿದ್ದು ಈ ಜಾತಿಯ ರೂಪಾಂತರ ಶಿಲೆಯಲ್ಲಿ.

ಒಂದು ಬಗೆಯ ಶಿಲೆ ಇನ್ನೊಂದಾಗುವ ಶಿಲಾಚಕ್ರವನ್ನು ತೋರಿಸಲು ಬೆಲ್ಲ ಸಾಕು. ಕರಿ ಬೆಲ್ಲ, ಬಿಳಿ ಬೆಲ್ಲ ಎರಡನ್ನೂ ಕುಟ್ಟಾಣಿಯಲ್ಲಿ ಕುಟ್ಟಿ, ಪದರ ಪದರವಾಗಿ ಡಬ್ಬಿಗೆ ಒತ್ತಿದರೆ ಜಲಜಶಿಲೆ. ಆ ಮುದ್ದೆಯನ್ನು ಬೆಚ್ಚಗೆ ಮಾಡಿ ಹಿಸುಕಿದರೆ ಪದರಗಳು ಬಾಗುತ್ತವೆ, ಅದು ರೂಪಾಂತರ. ಪೂರ್ತಿ ಕರಗಿಸಿ, ಪಾಕವನ್ನು ತಟ್ಟೆಗೆ ಸುರಿದು ಆರಿಸಿದರೆ ಅಗ್ನಿಶಿಲೆ. ಒಲೆಯ ಕೆಲಸ ದೊಡ್ಡವರದು. ಒಂದು ಎಚ್ಚರ: ರೂಪಾಂತರವಾಗುವಾಗ ಕಲ್ಲು ಕರಗುತ್ತದೆ ಎಂದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಹೇಳಿಬಿಡುತ್ತಾರೆ. ಕಾವಿಗೂ ಒತ್ತಡಕ್ಕೂ ಅದು ಘನವಾಗಿದ್ದೇ ಬದಲಾಗುತ್ತದೆ. ಹಲಗೆಯ ಮೇಲಿನ ಬಾಣಗಳೂ ಒಂದೇ ದಿಕ್ಕಿಗೆ ಓಡಬೇಕಿಲ್ಲ: ಗ್ರಾನೈಟ್ ಪುಡಿಯಾಗಿ ಮರಳೂ ಆದೀತು, ನೇರವಾಗಿ ಕಾವಿಗೆ ಸಿಕ್ಕಿ ಪಟ್ಟೆಪಟ್ಟೆಯ ನೈಸ್ ಶಿಲೆಯೂ ಆದೀತು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ನೈಸ್ ಶಿಲೆಯೇ; ವಯಸ್ಸು ಸುಮಾರು 300 ಕೋಟಿ ವರ್ಷ.

ಕರಾವಳಿಯ ಮಕ್ಕಳು ಮೊದಲು ಹೊತ್ತು ತರುವುದು ಮುರಕಲ್ಲನ್ನು. ಧಾರಾಕಾರ ಮಳೆಗೆ ಮೂಲ ಶಿಲೆ ಇದ್ದಲ್ಲೇ ಸವೆದು, ಕರಗುವುದೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶ ಉಳಿದು ಆದ ಕಲ್ಲು ಅದು. ಮೂರು ಗುಂಪುಗಳಲ್ಲಿ ಯಾವುದಕ್ಕೂ ಸಲೀಸಾಗಿ ಸೇರುವುದಿಲ್ಲ. ಬಲವಂತವಾಗಿ ತುರುಕಬೇಡಿ, ಪಕ್ಕದಲ್ಲಿ ನಾಲ್ಕನೆಯ ಗುಡ್ಡೆಯೊಂದನ್ನು ಹಾಕಲು ಹೇಳಿ.

ನಮಸ್ಕಾರ.