ನಾಸ್ತಿಕತೆಯೂ ಒಂದು ಮತವೇ?

ಕೇಳುಗರಿಗೆ ನಮಸ್ಕಾರ.

ದೇವರಿದ್ದಾನೆ ಎನ್ನುವುದು ಹೇಗೆ ನಂಬಿಕೆಯೋ, ಇಲ್ಲ ಎನ್ನುವುದೂ ಹಾಗೆಯೇ ಒಂದು ನಂಬಿಕೆ, ಆದ್ದರಿಂದ ನಾಸ್ತಿಕತೆಯೂ ಕಡೆಗೆ ಒಂದು ಮತವೇ ಸರಿ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಈ ಮಾತಿನ ಮೊದಲ ಭಾಗವನ್ನು ಒಂದು ತಿದ್ದುಪಡಿಯೊಡನೆ ಒಪ್ಪಬಹುದು. ಅದರಿಂದ ಹೊರಡಿಸಿದ ತೀರ್ಮಾನವನ್ನು ಮಾತ್ರ ಒಪ್ಪಲಾಗದು ಎಂಬುದು ನನ್ನ ಅಭಿಪ್ರಾಯ.

ತಿದ್ದುಪಡಿ ಇಷ್ಟೇ. ದೇವರಿದ್ದಾನೆ ಎನ್ನಲು ಸಾಕಷ್ಟು ಆಧಾರ ಕಾಣದ್ದರಿಂದ ಆ ಮಾತನ್ನು ಒಪ್ಪದೆ ಇರುವವರು ಒಂದು ಬಗೆಯವರು. ದೇವರಿಲ್ಲ ಎಂದೇ ಸಾರುವವರು ಇನ್ನೊಂದು ಬಗೆಯವರು. ಇಂಗ್ಲೆಂಡಿನ ತತ್ತ್ವಜ್ಞ ಆಂಟನಿ ಫ್ಲೂ 1972ರಲ್ಲಿ ಈ ಎರಡನ್ನೂ ಬೇರ್ಪಡಿಸಿ, ಚರ್ಚೆಯಲ್ಲಿ ಸಾಧಿಸುವ ಹೊಣೆ ಮೊದಲು ಆಸ್ತಿಕನದೇ ಎಂದು ವಾದಿಸಿದರು. ಮೊದಲ ಬಗೆಯವರು ಯಾವ ಪ್ರತಿಪಾದನೆಯನ್ನೂ ಮುಂದಿಟ್ಟಿಲ್ಲವಾದ್ದರಿಂದ ಅವರದನ್ನು ನಂಬಿಕೆ ಎನ್ನುವುದು ಕಷ್ಟ. ಎರಡನೆಯ ಬಗೆಯವರದು ನಿಸ್ಸಂದೇಹವಾಗಿ ಒಂದು ನಂಬಿಕೆಯೇ, ಮತ್ತು ಅದಕ್ಕೆ ಕಾರಣಗಳನ್ನು ಕೊಡುವ ಹೊಣೆ ಅವರ ಮೇಲಿದೆ. ಈ ಹೊಣೆಯನ್ನು ನುಣುಚಿಕೊಳ್ಳುವ ನಾಸ್ತಿಕರೂ ಇದ್ದಾರೆ. ಅವರ ಪರವಾಗಿ ನಾನು ಮಾತನಾಡುತ್ತಿಲ್ಲ.

ಆದರೆ ಒಂದು ನಂಬಿಕೆಯಿದ್ದ ಮಾತ್ರಕ್ಕೆ ಅದು ಮತವಾಗುವುದಿಲ್ಲ, ದರ್ಶನವೂ, ಅಂದರೆ ಒಂದು ತತ್ತ್ವಪಂಥವೂ, ಆಗುವುದಿಲ್ಲ. ಜಗತ್ತು ಯಾವುದರಿಂದ ಆಗಿದೆ, ಅದನ್ನು ನಾವು ತಿಳಿಯುವುದು ಹೇಗೆ, ಬದುಕಬೇಕಾದ ರೀತಿ ಯಾವುದು ಎಂಬ ಪ್ರಶ್ನೆಗಳಿಗೆ ಒಂದಕ್ಕೊಂದು ಹೊಂದುವ ಉತ್ತರಗಳಿದ್ದರೆ ಮಾತ್ರ ಅದನ್ನು ನಂಬಿಕೆಗಳ ವ್ಯವಸ್ಥೆ ಎನ್ನಬಹುದು. ಇದನ್ನು ಪರೀಕ್ಷಿಸಲು ಭಾರತೀಯ ದರ್ಶನಗಳಷ್ಟು ಒಳ್ಳೆಯ ಸಾಮಗ್ರಿ ಬೇರೆಡೆ ಸಿಗುವುದು ಅಪರೂಪ.

ವೇದವಿಧಿಗಳ ಅರ್ಥವಿಚಾರವೇ ಮುಖ್ಯವೆನ್ನುವ ಮೀಮಾಂಸಾ ದರ್ಶನದವರಲ್ಲಿ ಅಗ್ರಗಣ್ಯನಾದ ಕುಮಾರಿಲ ಭಟ್ಟ ಸೃಷ್ಟಿಕರ್ತನ ಕಲ್ಪನೆಯನ್ನು ನೇರವಾಗಿಯೇ ಪ್ರಶ್ನಿಸುತ್ತಾನೆ. ಏನೂ ಇಲ್ಲದಿದ್ದಾಗ ಆ ಸೃಷ್ಟಿಕರ್ತ ಪ್ರಜಾಪತಿ ಎಲ್ಲಿದ್ದ, ಅವನ ರೂಪ ಎಂತಹುದು, ಅವನನ್ನು ಆಗ ಕಂಡು ಮುಂದಿನವರಿಗೆ ತಿಳಿಸಿದವರು ಯಾರು ಎಂದು ಕೇಳುತ್ತಾನೆ. ಇಂದಿನ ವಿಚಾರವಾದಿಯೊಬ್ಬರು ಕೇಳಬಹುದಾದ ಪ್ರಶ್ನೆಗಳೇ ಇವು. ಆದರೆ ಇವನ್ನು ಕೇಳಿದ ಕುಮಾರಿಲ ವೇದ ಅಪೌರುಷೇಯ, ಅಂದರೆ ಯಾರೂ ರಚಿಸಿದ್ದಲ್ಲ, ಎಂದೂ, ವಿಧಿಯಂತೆ ಮಾಡಿದ ಯಜ್ಞ ಫಲ ಕೊಟ್ಟೇ ಕೊಡುವುದೆಂದೂ ನಂಬಿದವನು. ಆ ಫಲವನ್ನು ಹಂಚಲು ಅವನಿಗೆ ಈಶ್ವರನ ಅಗತ್ಯ ಕಾಣಲಿಲ್ಲ, ಅಷ್ಟೇ. ಅತ್ತ ಭೌತವಾದಿಗಳಾದ ಚಾರ್ವಾಕರು ಈಶ್ವರನ ಜೊತೆಗೆ ವೇದವನ್ನೂ ಯಜ್ಞವನ್ನೂ ಪರಲೋಕವನ್ನೂ ತಳ್ಳಿಹಾಕಿದರು. ಇಂದ್ರಿಯಗಳಿಂದ ಕಾಣುವ ಪ್ರತ್ಯಕ್ಷವೊಂದೇ ಪ್ರಮಾಣ, ಅಂದರೆ ತಿಳಿವಿನ ಸಾಧನ; ಭೂಮಿ, ನೀರು, ಬೆಂಕಿ, ಗಾಳಿಗಳ ಸೇರಿಕೆಯಿಂದಲೇ ಚೈತನ್ಯ ಹುಟ್ಟುತ್ತದೆ ಎಂಬುದು ಅವರ ನಿಲುವು. ಜೈನರು ಸೃಷ್ಟಿಕರ್ತನನ್ನು ಒಪ್ಪದೆ ಕರ್ಮ, ಪುನರ್ಜನ್ಮ, ಮೋಕ್ಷಗಳನ್ನು ಒಪ್ಪಿದರು.

ಈ ಮೂವರೂ ಸೃಷ್ಟಿಕರ್ತನಿಲ್ಲ ಎನ್ನುವವರೇ. ಆ ಒಂದು ನಿರಾಕರಣೆಯೇ ವ್ಯವಸ್ಥೆಯಾಗಿದ್ದರೆ ಮೂವರ ಲೋಕದೃಷ್ಟಿಯೂ ಬಹುಮಟ್ಟಿಗೆ ಒಂದೇ ಆಗಬೇಕಿತ್ತು. ವಾಸ್ತವದಲ್ಲಿ ಒಬ್ಬರಿಗೊಬ್ಬರು ಕಡು ವಿರೋಧಿಗಳು. ವ್ಯವಸ್ಥೆ ಇರುವುದು ಅವರವರ ಪ್ರಮಾಣವಿಚಾರದಲ್ಲಿ, ಕರ್ಮಸಿದ್ಧಾಂತದಲ್ಲಿ, ಆಚಾರದಲ್ಲಿ. ನಿರೀಶ್ವರತೆ ಆ ವ್ಯವಸ್ಥೆಗಳೊಳಗಿನ ಒಂದು ಅಂಶ ಮಾತ್ರ.

ನಾಸ್ತಿಕತೆಯನ್ನು ಪ್ರಭುತ್ವವೇ ಹೇರಿದ ಉದಾಹರಣೆಗಳನ್ನೂ ಇಲ್ಲಿ ಮರೆಯಬಾರದು. 1967ರಲ್ಲಿ ಅಲ್ಬೇನಿಯಾದ ಸರ್ಕಾರ ಮಸೀದಿ, ಚರ್ಚುಗಳನ್ನು ಮುಚ್ಚಿಸಿ ತನ್ನದು ನಾಸ್ತಿಕ ರಾಷ್ಟ್ರವೆಂದು ಸಾರಿತು. ಅದು ಘೋರ ಅನ್ಯಾಯವೇ ಹೌದು. ಆದರೆ ಆ ಸರ್ಕಾರವನ್ನು ನಡೆಸಿದ ಸಿದ್ಧಾಂತ ಅದರ ಕಮ್ಯುನಿಸಂ. ದೇವರ ನಿರಾಕರಣೆ ಅದರ ಒಂದು ಅಂಗವಾಗಿತ್ತು.

ಇನ್ನು ನ್ಯಾಯಾಲಯಗಳ ಮಾತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ನೋಟರಿಯಾಗಿ ನೇಮಕಗೊಂಡ ರಾಯ್ ಟೊರ್ಕಾಸೊ, ದೇವರ ಅಸ್ತಿತ್ವವನ್ನು ನಂಬುತ್ತೇನೆಂದು ಘೋಷಿಸಲು ಒಪ್ಪದ ಕಾರಣಕ್ಕೆ ಆ ಹುದ್ದೆಯನ್ನು ಕಳೆದುಕೊಂಡರು. 1961ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಂತಹ ಷರತ್ತು ಸಂವಿಧಾನಕ್ಕೆ ವಿರುದ್ಧವೆಂದು ಒಮ್ಮತದಿಂದ ತೀರ್ಪಿತ್ತಿತು. 2005ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಕೈದಿಯೊಬ್ಬ ನಾಸ್ತಿಕರ ಅಧ್ಯಯನ ಕೂಟ ಕಟ್ಟಲು ಅನುಮತಿ ಕೋರಿದ ಮೊಕದ್ದಮೆಯಲ್ಲಿ, ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಸಂವಿಧಾನದ ರಕ್ಷಣೆಯ ಮಟ್ಟಿಗೆ ನಾಸ್ತಿಕತೆಯನ್ನೂ ಧರ್ಮವೆಂದೇ ಪರಿಗಣಿಸಬೇಕೆಂದಿತು. ಈ ತೀರ್ಪನ್ನು ಉಲ್ಲೇಖಿಸಿ ನಾಸ್ತಿಕತೆ ಧರ್ಮವೆಂದು ಸಿದ್ಧವಾಯಿತು ಎನ್ನುವವರು "ರಕ್ಷಣೆಯ ಮಟ್ಟಿಗೆ" ಎಂಬ ಮಿತಿಯನ್ನು ಗಮನಿಸಬೇಕು. ನಂಬುವವನಿಗೆ ಸಿಗುವ ಹಕ್ಕು ನಂಬದವನಿಗೂ ಸಿಗಲಿ ಎಂಬುದು ನ್ಯಾಯಾಲಯದ ಕಾಳಜಿ. ನಾಸ್ತಿಕತೆಯ ಸ್ವರೂಪ ಎಂತಹುದೆಂಬ ತಾತ್ತ್ವಿಕ ಪ್ರಶ್ನೆಯನ್ನು ಅದು ತೀರ್ಮಾನಿಸಲಿಲ್ಲ.

ಈ ವಿಷಯದಲ್ಲಿ ಹೆಚ್ಚು ಎಚ್ಚರ ತೋರಿದ್ದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಎಂದು ನನಗೆ ಅನ್ನಿಸುತ್ತದೆ. ಚಿಂತನೆ, ಅಂತಃಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು ವಿವರಿಸುತ್ತ 1993ರಲ್ಲಿ ಅದು ಆಸ್ತಿಕ ಮತ್ತು ನಾಸ್ತಿಕ ನಂಬಿಕೆಗಳೆರಡಕ್ಕೂ ರಕ್ಷಣೆಯಿದೆ ಎಂದು ಹೇಳಿತು. ಅದರ ಜೊತೆಯಲ್ಲೇ, ಯಾವುದೇ ಧರ್ಮವನ್ನಾಗಲಿ ನಂಬಿಕೆಯನ್ನಾಗಲಿ ಹೊಂದಿಲ್ಲದಿರುವ ಹಕ್ಕನ್ನೂ ಬೇರೆಯಾಗಿ ಹೆಸರಿಸಿತು. ದೇವರಿಲ್ಲವೆಂದು ಸಾರುವವರಿಗೂ, ಏನನ್ನೂ ಸಾರದೆ ಸುಮ್ಮನೆ ಒಪ್ಪದೆ ಇರುವವರಿಗೂ ಆ ವಾಕ್ಯದಲ್ಲಿ ಬೇರೆಬೇರೆ ಸ್ಥಾನವಿದೆ.

ನಮಸ್ಕಾರ.