ಜೆನಾನ್-138 ಎಣಿಸುವುದು ಹೇಗೆ? ಅಲ್ಪಾಯುಷಿ ವಿದಳನ ಉತ್ಪನ್ನಗಳ ಗಾಮಾ ಅಳತೆ

[ಪರದೆ: ಗಾಮಾ ಸ್ಪೆಕ್ಟ್ರಮ್, ಎರಡು ಗೆರೆಗಳು ಬಣ್ಣದಲ್ಲಿ]

ಯುರೇನಿಯಮ್-235 ಒಡೆದಾಗ ಹುಟ್ಟುವ ಚೂರುಗಳಲ್ಲಿ ಎಷ್ಟೋ ಸೆಕೆಂಡು, ನಿಮಿಷಗಳಲ್ಲೇ ಕ್ಷಯಿಸುತ್ತವೆ. ಇವನ್ನು ಎಣಿಸಲು ಡಿಟೆಕ್ಟರ್‌ನಷ್ಟೇ ಗಡಿಯಾರವೂ ಮುಖ್ಯ. ಇವತ್ತು ಒಂದು ಜೋಡಿ ನೋಡೋಣ. ಜೆನಾನ್-138: ಅರ್ಧಾಯು (ಅರ್ಧ ಪಾಲು ಕ್ಷಯಿಸಲು ಬೇಕಾದ ಸಮಯ) 14 ನಿಮಿಷ, 258 ಕೆಇವಿ (ಕಿಲೋ ಎಲೆಕ್ಟ್ರಾನ್-ವೋಲ್ಟ್, ಶಕ್ತಿಯ ಅಳತೆ) ಗಾಮಾ. ಅದರಿಂದ ಹುಟ್ಟುವ ಸೀಸಿಯಮ್-138: ಸುಮಾರು 33 ನಿಮಿಷ, 1436 ಕೆಇವಿ.

[ಪರದೆ: ಪ್ಲಾಸ್ಟಿಕ್ ಕ್ಯಾಪ್ಸೂಲ್, ಗಾಳಿಯೊತ್ತಡದ ಕೊಳವೆ]

ಹತ್ತಾರು ಮೈಕ್ರೋಗ್ರಾಂ ಯುರೇನಿಯಮ್ ಸಾಕು. ಪಾಲಿಥೀನ್ ಕ್ಯಾಪ್ಸೂಲ್‌ನಲ್ಲಿ ಬಿಸಿಯಿಂದ ಮುಚ್ಚಿ, ಕೊಳವೆ ಮೂಲಕ ರಿಯಾಕ್ಟರ್‌ಗೆ ಕಳಿಸಿ ಅರ್ಧ ನಿಮಿಷ ನ್ಯೂಟ್ರಾನ್ ತಾಗಿಸಿ ವಾಪಸ್ ತರಬೇಕು. ಹೊರಬಂದ ಕ್ಷಣ ಯಂತ್ರವೇ ದಾಖಲಿಸಲಿ. 40 ಸೆಕೆಂಡ್ ಅರ್ಧಾಯುವಿನ ಇನ್ನೊಂದು ಚೂರು ಜೆನಾನ್-139ರಲ್ಲಿ ಒಂದು ಸೆಕೆಂಡ್ ತಪ್ಪಿದರೆ ಉತ್ತರ ಸುಮಾರು 1.7% ತಪ್ಪುತ್ತದೆ.

ಡಿಟೆಕ್ಟರ್ ಶುದ್ಧ ಜರ್ಮೇನಿಯಮ್‌ದೇ ಆಗಬೇಕು. 1428 ಕೆಇವಿಯಲ್ಲಿ ಮತ್ತೊಂದು ಚೂರು ಸ್ಟ್ರಾಂಷಿಯಮ್-94ರ ಗೆರೆ ಇದೆ, ನಮ್ಮ ಸೀಸಿಯಮ್‌ಗೆ ಬರೀ 8 ಕೆಇವಿ ದೂರ. ಸೋಡಿಯಮ್ ಅಯೊಡೈಡ್ ಹರಳಿನಲ್ಲಿ ಎರಡೂ ಒಂದೇ ಗುಡ್ಡವಾಗಿ ಕಾಣುತ್ತವೆ. ದ್ರವ ಸಾರಜನಕದಲ್ಲಿ ತಣ್ಣಗಾದ ಜರ್ಮೇನಿಯಮ್ 2 ಕೆಇವಿ ಆಸುಪಾಸಿನ ಅಗಲದಲ್ಲಿ ಅವನ್ನು ಬಿಡಿಸಿ ತೋರಿಸುತ್ತದೆ. ದಕ್ಷತೆಯ ರೇಖೆಗೆ (ಯಾವ ಶಕ್ತಿಯ ಗಾಮಾದಲ್ಲಿ ಎಷ್ಟು ಪಾಲು ಡಿಟೆಕ್ಟರ್ ಎಣಿಸುತ್ತದೆ ಎಂಬುದಕ್ಕೆ) ಯುರೋಪಿಯಮ್-152 ಮೂಲ ಬಳಸಿ.

[ಪರದೆ: ಸ್ಯಾಂಪಲ್‌ನಿಂದ ಡಿಟೆಕ್ಟರ್‌ಗೆ ಇರುವ ದೂರ]

ಎಣಿಕೆ ಹೆಚ್ಚಲಿ ಎಂದು ಸ್ಯಾಂಪಲ್ ಅನ್ನು ಡಿಟೆಕ್ಟರ್‌ಗೆ ಅಂಟಿಸಿಡಬೇಡಿ. ಸೀಸಿಯಮ್-138ರ 463 ಮತ್ತು 1436 ಗಾಮಾಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಹತ್ತಿರ ಇಟ್ಟರೆ ಎರಡೂ ಸೇರಿ 1899 ಆಗಿ, 1436ರ ಗೆರೆ ಸೊರಗುತ್ತದೆ. 10 ಸೆಂಟಿಮೀಟರ್ ಅಥವಾ ಹೆಚ್ಚು ದೂರ ಇಡಿ.

ಇನ್ನು ಡೆಡ್ ಟೈಮ್, ಅಂದರೆ ಒಂದು ಗಾಮಾವನ್ನು ದಾಖಲಿಸುವಾಗ ಉಪಕರಣ ಬೇರೆಯದನ್ನು ಎಣಿಸಲಾಗದ ಸಮಯ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಲೈವ್ ಟೈಮ್ (ಉಪಕರಣ ಎಣಿಸಲು ಸಿದ್ಧವಿದ್ದ ಸಮಯ ಮಾತ್ರ) ಎಣಿಕೆಯಲ್ಲಿ ಉಪಕರಣ ಕಳೆದುಕೊಂಡ ಸಮಯವನ್ನು ಕೊನೆಗೆ ಸೇರಿಸಿ ಸರಿದೂಗಿಸುತ್ತದೆ. ಆದರೆ ಆ ಸಮಯ ಕಳೆದದ್ದು ಆರಂಭದಲ್ಲಿ, ಅಲ್ಪಾಯುಷಿಗಳು ತುಂಬಿದ್ದಾಗ! ಕೊನೆಯಲ್ಲಿ ಅವು ಉಳಿದಿರುವುದಿಲ್ಲ. ಹಾಗಾಗಿ ಫಲಿತಾಂಶ ಕಡಿಮೆ ಬರುತ್ತದೆ. ಮೊದಲು 10 ಸೆಕೆಂಡಿನ, ಆಮೇಲೆ 1 ನಿಮಿಷದ, ಕೊನೆಗೆ 5 ನಿಮಿಷದ ಸ್ಪೆಕ್ಟ್ರಮ್‌ಗಳನ್ನು ಸಾಲಾಗಿ ತೆಗೆಯಿರಿ. ಪ್ರತಿಯೊಂದರಲ್ಲೂ ನಿಜ ಸಮಯ, ಡೆಡ್ ಟೈಮ್ ಎರಡನ್ನೂ ಬರೆದಿಡಿ.

[ಪರದೆ: ಸೀಸಿಯಮ್-138ರ ಏರಿಳಿತದ ರೇಖೆ]

ಜೆನಾನ್ ಅನಿಲ, ಸಣ್ಣ ಬಿರುಕಿದ್ದರೂ ಪಾರಾಗುತ್ತದೆ. ಪರೀಕ್ಷಿಸುವುದು ಸುಲಭ. ಶುರುವಿನಲ್ಲಿ ಸೀಸಿಯಮ್ ಅತ್ಯಲ್ಪ, ಜೆನಾನ್ ಕ್ಷಯಿಸಿದಂತೆ ಏರುತ್ತಾ ಸುಮಾರು 30ನೇ ನಿಮಿಷದಲ್ಲಿ ತುದಿ ಮುಟ್ಟಬೇಕು. ಅದಕ್ಕೂ ಮುಂಚೆಯೇ ಇಳಿಯತೊಡಗಿದರೆ, ಜೊತೆಗೆ 258ರ ಗೆರೆ 14 ನಿಮಿಷಕ್ಕಿಂತ ಬೇಗ ಅರ್ಧವಾದರೆ, ಕ್ಯಾಪ್ಸೂಲ್ ಸೋರಿದೆ. ಆ ಅಳತೆಯನ್ನು ಬಿಟ್ಟು ಹೊಸ ಕ್ಯಾಪ್ಸೂಲ್ ಮುಚ್ಚಿ.